ಕಷಾಯ ಕುಡಿಲಿಲ್ಲ ಅಂತಲ್ಲ, ಅವ್ವ
2021ರಲ್ಲಿ ದೇವಿಕೊಪ್ಪದ ನಮ್ಮ ಮನೆಯಲ್ಲಿ ಎಲ್ಲರಿಗೂ ಕೊರೊನಾ ಬಂತು. ಅವ್ವಗ ಬರೀ ನೆಗಡಿ. ಗಟ್ಟಿಮುಟ್ಟಾಗಿದ್ದ ದೊಡ್ಡಪ್ಪನನ್ನು ಆಕ್ಸಿಜನ್‌ಗಾಗಿ ಹುಬ್ಬಳ್ಳಿಗೆ ಒಯ್ಯಬೇಕಾಯ್ತು. ‘ಕಷಾಯ ಕುಡಿಲಿಲ್ಲ, ಅದಕ್ಕ’ ಅಂತ ಊರವರೆಲ್ಲ ಅಂದ್ರು.

ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಡುತ್ತದೆ. ಅದು ಡಂಗುರ ಇದ್ದಂಗ: ಕೇಳಿಸಿಕೊಂಡ ಅಕ್ಕಪಕ್ಕದ ಕೋಶಗಳು ವೈರಸ್ ಬೆಳೆಯದಂತೆ ತಡೆಯುವ ಬೇರೆ ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತವೆ. ಇದು 1957ರಲ್ಲೇ ಪತ್ತೆಯಾಗಿತ್ತು. ಹೊಸ ಸಂಗತಿ ಹೊರಬಿದ್ದದ್ದು 2020ರಲ್ಲಿ. ಕೋವಿಡ್ ನ್ಯುಮೋನಿಯಾದಿಂದ ಜೀವಕ್ಕೇ ಕುತ್ತು ಬಂದಿದ್ದ 987 ಜನರ ರಕ್ತ ಪರೀಕ್ಷಿಸಿದರೆ, 101 ಮಂದಿಯಲ್ಲಿ ಅವರದೇ ಪ್ರತಿಕಾಯಗಳು ಇಂಟರ್‌ಫೆರಾನನ್ನು ಕಟ್ಟಿಹಾಕಿದ್ದವು. ಡಂಗುರದವನ ಬಾಯಿಗೇ ಬಟ್ಟೆ! (ಪ್ರತಿಕಾಯವೂ ಪ್ರೋಟೀನೇ ಅನ್ನಿ.) ಆ 101ರಲ್ಲಿ 95 ಗಂಡಸರು. ವಯಸ್ಸಾದಂತೆ ಇಂಥ ಪ್ರತಿಕಾಯ ಹೆಚ್ಚು.

ಹತ್ತರಲ್ಲಿ ಒಬ್ಬರ ಕಥೆ ಇದು. ಉಳಿದವರಿಗೆ ವಯಸ್ಸು, ಸಕ್ಕರೆ ಕಾಯಿಲೆಯಂಥ ಬೇರೆ ಕಾರಣಗಳೂ ಇವೆ. ಕಷಾಯ ಕುಡಿದ್ರ ಗಂಟಲಿಗೆ ಹಿತ, ಆ ಪ್ರತಿಕಾಯ ಮಾತ್ರ ಹೋಗೂದಿಲ್ಲ.