ಒಲೆ ಹಚ್ಚದೆ ಉರಿ ಅಳೆದವರು

ಬಿಟಿಎಂ ಲೇಔಟಿನ ನಮ್ಮ ಮನೆಯ ಸಿಲಿಂಡರಿನಲ್ಲಿ ಇರುವುದು ಬಹುಪಾಲು ಪ್ರೊಪೇನ್ ಮತ್ತು ಬ್ಯುಟೇನ್. ಒಂದು ಮೋಲ್ ಪ್ರೊಪೇನ್ ಉರಿದರೆ ಸುಮಾರು 2220 ಕಿಲೋಜೂಲ್ ಶಾಖ, ಬ್ಯುಟೇನ್ ಉರಿದರೆ 2878. ಅಂತರ 658. ಮುಂದಿನ ಪೆಂಟೇನಿನ ಆವಿಗೆ ಹೋದರೂ ಏರಿಕೆ ಹೆಚ್ಚುಕಡಿಮೆ ಅಷ್ಟೇ. ಒಂದು ಇಂಗಾಲ, ಎರಡು ಜಲಜನಕ ಕೂಡಿದಾಗಲೆಲ್ಲ ಒಂದೇ ಎತ್ತರದ ಮೆಟ್ಟಿಲು.

ಈ ಮೆಟ್ಟಿಲಿಗೆ ಅರ್ಥ ಹುಡುಕಲು ಬೇಕಾದ ನೆಲ ಸಿದ್ಧವಾದದ್ದು 1840ರಲ್ಲಿ, ಪೀಟರ್ಸ್‌ಬರ್ಗಿನಲ್ಲಿ. ಹೆಸ್ ಎಂಬ ರಸಾಯನಶಾಸ್ತ್ರಜ್ಞರು ಗಂಧಕಾಮ್ಲಕ್ಕೆ ಒಮ್ಮೆ ಕಡಿಮೆ, ಒಮ್ಮೆ ಹೆಚ್ಚು ನೀರು ಬೆರೆಸಿ, ಆಮೇಲೆ ಅಮೋನಿಯಾ ಸೇರಿಸಿದರು. ನೀರು ಬೆರೆಸುವಾಗ ಹೆಚ್ಚು ಶಾಖ ಬಂದರೆ ಅಮೋನಿಯಾದ ಹೊತ್ತಿಗೆ ಅಷ್ಟು ಕಡಿಮೆ. ಒಟ್ಟು ಮೊತ್ತ ಬದಲಾಗಲಿಲ್ಲ. ಹಾಗಾದರೆ ಕ್ರಿಯೆ ನಡೆದ ದಾರಿಯನ್ನು ಬಿಟ್ಟು, ಅಣುಗಳನ್ನು ಪೂರ್ತಿ ಬಿಡಿಸಿ ಮತ್ತೆ ಕಟ್ಟಿದಂತೆ ಕಾಗದದ ಮೇಲೆ ಲೆಕ್ಕ ಹಾಕಬಹುದು.

ಕೋಪನ್‌ಹೇಗನ್ನಿನ ಯೂಲಿಯಸ್ ಥಾಮ್ಸನ್ ವರ್ಷಗಟ್ಟಲೆ ಶಾಖ ಅಳೆದು, ಪರಮಾಣುಗಳ ನಡುವಿನ ಒಂದೊಂದು ಬಂಧಕ್ಕೂ ಬೆಲೆ ಕಟ್ಟಲು ಹೊರಟರು. ಅಡ್ಡ ನಿಂತದ್ದು ಇದ್ದಿಲಿನ ನೆಂಟ ಗ್ರಾಫೈಟ್. ಅದನ್ನು ಬಿಡಿ ಇಂಗಾಲದ ಪರಮಾಣುಗಳಾಗಿ ಒಡೆಯಲು ಎಷ್ಟು ಶಕ್ತಿ ಬೇಕು? ಇಂದು ಮೋಲ್‌ಗೆ 717 ಕಿಲೋಜೂಲ್ ಎನ್ನುತ್ತೇವೆ. 1940ರ ದಶಕದಲ್ಲೂ ಅದರ ಬಗ್ಗೆ ಜಗಳವಿತ್ತು. ನನಗೆ ಬಹಳ ಇಷ್ಟವಾದ ಸಂಗತಿ ಇಲ್ಲಿದೆ: ಆ ಅಂಕಿ ತಪ್ಪಿದ್ದರೂ ಕ್ರಿಯೆಯ ಶಾಖ ಸರಿ ಬರುತ್ತಿತ್ತು. ಇಂಗಾಲ ಕ್ರಿಯೆಯ ಎರಡೂ ಕಡೆ ಸಮವಾಗಿರುವುದರಿಂದ ತಪ್ಪು ತಪ್ಪನ್ನು ಹೊಡೆದುಹಾಕುತ್ತಿತ್ತು.

ಬಂಧಶಕ್ತಿಯ ಅಂಕಿಗಳನ್ನು ಒಪ್ಪವಾಗಿ ಜೋಡಿಸಿದವರಲ್ಲಿ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಮುಖ್ಯರು. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದಿದ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರನ್ನು ಗಾಢವಾಗಿ ತಟ್ಟಿದ್ದು ರಾಸಾಯನಿಕ ಬಂಧದ ಕುರಿತು ಪಾಲಿಂಗ್ ಬರೆದ ಪುಸ್ತಕವೇ.

ಈ ಬಂಧಶಕ್ತಿಗಳಿಂದ ಉರಿಯ ಲೆಕ್ಕ ಹೇಗೆಂದು ನೋಡಲು ಮೀಥೇನನ್ನೇ ತೆಗೆದುಕೊಳ್ಳಿ. ನಾಲ್ಕು ಇಂಗಾಲ-ಜಲಜನಕ ಬಂಧ ಬಿಡಿಸಲು 4×413, ಎರಡು ಆಮ್ಲಜನಕದ ಅಣು ಬಿಡಿಸಲು 2×495: ಒಟ್ಟು 2642 ಕಿಲೋಜೂಲ್ ನಾವು ಕೊಡಬೇಕು. ಇಂಗಾಲದ ಡೈಆಕ್ಸೈಡ್ ಕಟ್ಟಿಕೊಂಡಾಗ 2×799, ಎರಡು ಅಣು ನೀರಾವಿಗೆ 4×463: 3450 ಮರಳಿ ಬರುತ್ತದೆ. ಲಾಭ 808. ಬಂಧ ಒಡೆದರೆ ಶಕ್ತಿ ಹೊರಬರುತ್ತದೆ ಎಂದು ಪಿಯುಸಿ ಮಕ್ಕಳು ಇವತ್ತಿಗೂ ಹೇಳುವುದು ಕೇಳಿದರೆ ಸಂಕಟವಾಗುತ್ತದೆ. ಒಡೆಯುವುದು ಖರ್ಚು, ಕಟ್ಟುವುದರಲ್ಲೇ ಉರಿಯಿದೆ.

ಅಳೆದು ನೋಡಿದರೆ 802. ಆ ಆರರ ವ್ಯತ್ಯಾಸಕ್ಕೆ ಕಾರಣ, 413ರಂಥ ಅಂಕಿಗಳು ಹಲವು ಅಣುಗಳ ಸರಾಸರಿ. ಮೀಥೇನಿನಿಂದ ಮೊದಲ ಜಲಜನಕ ಕೀಳಲು ಸುಮಾರು 439 ಬೇಕು, ಕೊನೆಯದಕ್ಕೆ 338 ಸಾಕು.