ಬೆಳೆ ರಕ್ಷಣೆಯ ಕೋವಿಗೆ ನಿರ್ಬಂಧ ಬಂದಾಗ ರೈತರು ಮಾಡಬೇಕಾದುದೇನು?

ಮಲೆನಾಡು, ಕರಾವಳಿ ಹಾಗೂ ಕಾಡಂಚಿನ ಊರುಗಳ ಅನೇಕ ರೈತ ಕುಟುಂಬಗಳಲ್ಲಿ ಕೋವಿಯು ಕತ್ತಿ, ಗುದ್ದಲಿ, ಹಾರೆಗಳಂತೆ ಬೇಸಾಯದ ಒಂದು ಸಲಕರಣೆಯಾಗಿ ಉಳಿದುಬಂದಿದೆ. ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಗದ್ದೆಯನ್ನು ಉತ್ತಂತೆ ಮಾಡಿ ಹೋಗಬಲ್ಲದು. ಮಂಗಗಳು ಎಳನೀರು, ಕೋಕೋ, ಬಾಳೆಗಳನ್ನು ಕಿತ್ತು ಕೆಡವುತ್ತವೆ. ಇಂಥ ಕಡೆ ಕೋವಿಯ ಒಂದು ಸದ್ದು ರೈತನಿಗೆ ಎಷ್ಟು ಧೈರ್ಯ ಕೊಡುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಆದರೆ ಕೋವಿಯು ಉಳಿದ ಸಲಕರಣೆಗಳಂತೆ ರೈತನ ಸ್ವಂತ ಇಚ್ಛೆಗೆ ಬಿಟ್ಟ ವಸ್ತುವಲ್ಲ. ಅದು ಸರ್ಕಾರ ಕೊಟ್ಟ ಪರವಾನಗಿಯ ಬಲದ ಮೇಲೆ ಮನೆಯಲ್ಲಿರುತ್ತದೆ. ಚುನಾವಣೆ ಘೋಷಣೆಯಾದಾಗ, ಕಾಯಿದೆಗೆ ತಿದ್ದುಪಡಿ ಬಂದಾಗ, ಪರವಾನಗಿಯ ಅವಧಿ ಮುಗಿದಾಗ ಅಥವಾ ಪರವಾನಗಿದಾರರು ತೀರಿಕೊಂಡಾಗ ಅದನ್ನು ಠಾಣೆಗೆ ಒಪ್ಪಿಸಬೇಕಾದ ಸಂದರ್ಭ ಬರುತ್ತದೆ. ಆಗ ಕೆಲವರು ತಕ್ಷಣ ಒಪ್ಪಿಸುತ್ತಾರೆ, ಕೆಲವರು ಆದೇಶವನ್ನು ಪ್ರಶ್ನಿಸುತ್ತಾರೆ, ಕೆಲವರು ಬಚ್ಚಿಡುವ ಯೋಚನೆ ಮಾಡುತ್ತಾರೆ. ಈ ಮೂರು ದಾರಿಗಳಲ್ಲಿ ಯಾವುದು ರೈತನಿಗೆ ಹಿತ, ಯಾವುದು ಅಪಾಯ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಕಾಯಿದೆ ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಕೋವಿಗಳಿಗೆ ಸಂಬಂಧಿಸಿದ ಮುಖ್ಯ ಕಾನೂನು 1959ರ ಶಸ್ತ್ರಾಸ್ತ್ರ ಕಾಯಿದೆ. ಇದರ 13ನೆಯ ಕಲಮು ರೈತರಿಗೆ ಮುಖ್ಯವಾದುದು. ನಿಜವಾಗಿಯೂ ಬೆಳೆ ರಕ್ಷಣೆಗಾಗಿ ಬೇಕೆಂದು ಕೇಳುವವರಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಂದರೆ ನಮ್ಮವರು ಕೇಪಿನ ಕೋವಿ ಎನ್ನುವುದಕ್ಕೆ, ಪರವಾನಗಿ ಕೊಡಬೇಕೆಂದು ಅದು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯುಳ್ಳ ತೋಟೆ ಕೋವಿಗೂ ಪರವಾನಗಿ ಕೊಡಬಹುದು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತಿರಸ್ಕರಿಸುವಂತಿಲ್ಲ ಎಂದೂ 14ನೆಯ ಕಲಮಿನಲ್ಲಿದೆ. ಆದುದರಿಂದ ಸಣ್ಣ ಹಿಡುವಳಿದಾರರು ಹಿಂಜರಿಯಬೇಕಾಗಿಲ್ಲ.

2019ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಎರಡು ಬದಲಾವಣೆಗಳಾದವು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆ 3ರಿಂದ 2ಕ್ಕೆ ಇಳಿಯಿತು. ಮೂರನೆಯದನ್ನು ಒಂದು ವರ್ಷದೊಳಗೆ ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಪರವಾನಗಿ ಪಡೆದ ಕೋವಿ ವ್ಯಾಪಾರಿಗೆ ಒಪ್ಪಿಸಬೇಕಾಯಿತು. ಪರವಾನಗಿಯ ಅವಧಿ ಮಾತ್ರ 3 ವರ್ಷದಿಂದ 5 ವರ್ಷಕ್ಕೆ ಏರಿತು. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕಾಗಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದೆಂಬುದನ್ನು ಎಲ್ಲರೂ ನೆನಪಿನಲ್ಲಿಡಬೇಕು.

ಕೊಡಗಿನಲ್ಲಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಇದನ್ನು 2019ರಲ್ಲಿ ಹತ್ತು ವರ್ಷಗಳಿಗೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ರಾಜ್ಯದ ಉಚ್ಚ ನ್ಯಾಯಾಲಯವು 2021ರಲ್ಲಿ ಇದನ್ನು ಎತ್ತಿಹಿಡಿಯಿತು. ಉಳಿದ ಜಿಲ್ಲೆಗಳ ರೈತರು ಈ ವಿನಾಯಿತಿ ತಮಗೂ ಇದೆಯೆಂದು ತಿಳಿಯಬಾರದು.

ಚುನಾವಣೆಯ ಕಾಲದ ಠೇವಣಿ

ರೈತರಿಗೆ ಹೆಚ್ಚಾಗಿ ಎದುರಾಗುವುದು ಈ ತಾತ್ಕಾಲಿಕ ನಿರ್ಬಂಧವೇ. 2023ರ ವಿಧಾನಸಭಾ ಚುನಾವಣೆಯು ಮಾರ್ಚ್ 29ರಂದು ಘೋಷಣೆಯಾಗಿ ಮೇ 13ರಂದು ಫಲಿತಾಂಶ ಬಂದಿತು. ಇದು 45 ದಿನಗಳ ಅವಧಿ. 2024ರ ಲೋಕಸಭಾ ಚುನಾವಣೆಯು ಮಾರ್ಚ್ 16ರಂದು ಘೋಷಣೆಯಾಗಿ ಜೂನ್ 4ರಂದು ಫಲಿತಾಂಶ ಬಂದಿತು. ಇದು 80 ದಿನಗಳ ಅವಧಿ. ಕಾಡಿನಲ್ಲಿ ಮೇವು, ನೀರು ಬತ್ತಿ ಪ್ರಾಣಿಗಳು ತೋಟಕ್ಕೆ ಇಳಿಯುವ ಕಾಲವೂ ಇದೇ. ಆದ್ದರಿಂದ ರೈತರ ಅಸಮಾಧಾನಕ್ಕೆ ಕಾರಣವಿಲ್ಲದಿಲ್ಲ.

ಆದರೆ ಚುನಾವಣಾ ಆಯೋಗದ ಸೂಚನೆಯನ್ನು ಸರಿಯಾಗಿ ಅರ್ಥಮಾಡಿಕೊಳ್ಳುವುದು ಅವಶ್ಯ. ಜಿಲ್ಲಾ ದಂಡಾಧಿಕಾರಿಗಳೂ ಪೊಲೀಸ್ ವರಿಷ್ಠಾಧಿಕಾರಿಗಳೂ ಇರುವ ಪರಿಶೀಲನಾ ಸಮಿತಿಯೊಂದು ಪರವಾನಗಿದಾರರನ್ನು ಒಬ್ಬೊಬ್ಬರನ್ನಾಗಿ ಪರಿಶೀಲಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಅಪರಾಧದ ಹಿನ್ನೆಲೆಯವರು, ಹಿಂದೆ ಗಲಭೆಗಳಲ್ಲಿ ಭಾಗವಹಿಸಿದವರು ಮುಂತಾದವರಿಗೆ ಠೇವಣಿಯ ನೋಟೀಸು ಕೊಡಬೇಕು. ಒಪ್ಪಿಸಿದ ಕೋವಿಗೆ ರಸೀದಿ ಕೊಟ್ಟು, ಭದ್ರವಾಗಿಟ್ಟು, ಫಲಿತಾಂಶ ಘೋಷಣೆಯಾಗಿ ಒಂದು ವಾರ ಕಳೆದ ಕೂಡಲೇ ಹಿಂದಿರುಗಿಸಬೇಕು. ಇದು ಆಯೋಗದ ಸೂಚನೆ. ಕೆಲವೆಡೆ ಎಲ್ಲ ಪರವಾನಗಿದಾರರಿಗೂ ಅನ್ವಯಿಸುವಂತೆ ಆದೇಶ ಹೊರಡುವುದೂ ಉಂಟು. ಅಂಥ ಕಡೆ ರೈತರು ಹೀಗೆ ಮಾಡಬಹುದು:

1. ಆದೇಶದ ಪ್ರತಿಯನ್ನು ಪಡೆದು ಓದಬೇಕು ಅಥವಾ ತಿಳಿದವರಿಂದ ಓದಿಸಬೇಕು. ಕೊನೆಯ ದಿನಾಂಕ, ಒಪ್ಪಿಸಬೇಕಾದ ಸ್ಥಳ, ವಿನಾಯಿತಿಯ ಅವಕಾಶ ಈ ಮೂರನ್ನೂ ಗುರುತು ಹಾಕಿಕೊಳ್ಳಬೇಕು.

2. ಬೆಳೆಗೆ ನಿಜವಾದ ಅಪಾಯವಿದ್ದರೆ ಜಿಲ್ಲಾಧಿಕಾರಿಗಳಿಗೆ ವಿನಾಯಿತಿಗಾಗಿ ಲಿಖಿತ ಅರ್ಜಿ ಸಲ್ಲಿಸಬೇಕು. ಅದರೊಂದಿಗೆ ಪರವಾನಗಿಯ ನಕಲು, ಪಹಣಿ, ಬೆಳೆಯ ವಿವರ, ಹಿಂದಿನ ಹಾನಿಯ ಬಗ್ಗೆ ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ ಮತ್ತು ಹಾನಿಯ ಛಾಯಾಚಿತ್ರಗಳನ್ನು ಲಗತ್ತಿಸಬೇಕು. ಅರ್ಜಿ ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಳ್ಳಬೇಕು.

3. ವಿನಾಯಿತಿ ದೊರೆಯುವವರೆಗೆ ಆದೇಶ ಜಾರಿಯಲ್ಲಿರುತ್ತದೆ. ಅರ್ಜಿ ಕೊಟ್ಟಿದ್ದೇನೆಂಬ ಕಾರಣಕ್ಕೆ ಕೋವಿಯನ್ನು ಮನೆಯಲ್ಲಿ ಉಳಿಸಿಕೊಳ್ಳಬಾರದು.

4. ಒಬ್ಬೊಬ್ಬರೇ ಓಡಾಡುವುದಕ್ಕಿಂತ ಊರಿನ ಪರವಾನಗಿದಾರರೆಲ್ಲ ಸೇರಿ, ಸಹಕಾರ ಸಂಘ ಅಥವಾ ಗ್ರಾಮ ಪಂಚಾಯಿತಿಯ ಮೂಲಕ ಚುನಾವಣೆಗೆ ಮೊದಲೇ ಮನವಿ ಸಲ್ಲಿಸುವುದು ಮೇಲು.

ಕೋವಿಯನ್ನು ಒಪ್ಪಿಸುವ ಕ್ರಮ

ಠಾಣೆಗೆ ಹೊರಡುವ ಮೊದಲು ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ತೋಟೆ ಕೋವಿಯಾದರೆ ಅದನ್ನು ಮುರಿದು ನಳಿಗೆಯೊಳಗೆ ಕಣ್ಣಾಡಿಸಿದರೆ ಸಾಕು. ಕೇಪಿನ ಕೋವಿಯಲ್ಲಿ ಹೀಗೆ ನೋಡಲಾಗುವುದಿಲ್ಲ. ಮೊದಲು ಕೇಪು ತೆಗೆಯಬೇಕು. ನಂತರ ಮದ್ದು ಜಡಿಯುವ ಕೋಲನ್ನು ನಳಿಗೆಯೊಳಗೆ ಮೆಲ್ಲಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಮಾಡಬೇಕು. ಕೋಲನ್ನು ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿದಾಗ ಅದು ಕೇಪು ಕೂರಿಸುವ ಬುಡದವರೆಗೆ ಮುಟ್ಟಿದರೆ ಕೋವಿ ಖಾಲಿ. ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಮದ್ದು ಇದೆ ಎಂದು ತಿಳಿಯಬೇಕು. ಈ ಪರೀಕ್ಷೆ ಮಾಡುವಾಗ ಮುಖವಾಗಲಿ ಕೈಯಾಗಲಿ ನಳಿಗೆಯ ನೇರಕ್ಕೆ ಇರಕೂಡದು. ಒಳಗೆ ಮದ್ದಿದ್ದರೆ ಕೆದಕುವ ಸಾಹಸ ಮಾಡದೆ ಪರವಾನಗಿ ಪಡೆದ ದುರಸ್ತಿದಾರರ ನೆರವು ಪಡೆಯಬೇಕು.

ಮಳೆಗಾಲ ಹತ್ತಿರವಿದ್ದರೆ ನಳಿಗೆಯನ್ನು ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತುವುದು ಒಳ್ಳೆಯದು. ಕೋವಿಗೆ ಒಂದು ಚೀಟಿ ಕಟ್ಟಿ ಹೆಸರು, ಊರು, ಪರವಾನಗಿ ಸಂಖ್ಯೆ ಬರೆಯಬೇಕು.

ರಸೀದಿ ಇಲ್ಲದೆ ಕೋವಿಯನ್ನು ಬಿಟ್ಟು ಬರಕೂಡದು. ರಸೀದಿಯಲ್ಲಿ ಕೋವಿಯ ಸಂಖ್ಯೆ, ನಳಿಗೆ ಒಂಟಿಯೋ ಜೋಡಿಯೋ ಎಂಬುದು, ಅದರ ಸ್ಥಿತಿ, ಒಪ್ಪಿಸಿದ ತೋಟೆಗಳ ಎಣಿಕೆ, ದಿನಾಂಕ ಮತ್ತು ಸಹಿ ಇರಬೇಕು. ಹಿಂದಕ್ಕೆ ಪಡೆಯುವಾಗ ಇದೇ ವಿವರಗಳಿಗೆ ಹೋಲಿಸಿ ನೋಡಿಯೇ ಸಹಿ ಹಾಕಬೇಕು.

ಪರವಾನಗಿ ಮುಗಿದಾಗ, ಪರವಾನಗಿದಾರರು ತೀರಿಕೊಂಡಾಗ

ಯಾವುದೇ ಕಾರಣದಿಂದ ಕೋವಿಯನ್ನು ಇಟ್ಟುಕೊಳ್ಳುವ ಹಕ್ಕು ಹೋದರೆ ಅದನ್ನು ತಡಮಾಡದೆ ಠಾಣೆಗೆ ಅಥವಾ ಪರವಾನಗಿ ಪಡೆದ ವ್ಯಾಪಾರಿಗೆ ಒಪ್ಪಿಸಬೇಕೆಂದು 21ನೆಯ ಕಲಮು ಹೇಳುತ್ತದೆ. ಒಪ್ಪಿಸಿದ ಮಾತ್ರಕ್ಕೆ ಒಡೆತನ ಹೋಗುವುದಿಲ್ಲ. ಪರವಾನಗಿ ನವೀಕರಿಸಿ ಹಿಂದಕ್ಕೆ ಪಡೆಯಬಹುದು ಅಥವಾ ಪರವಾನಗಿಯುಳ್ಳ ಬೇರೆಯವರಿಗೆ ಮಾರಬಹುದು. ಆದರೆ ನಿಗದಿತ ಅವಧಿಯೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ. ಎಷ್ಟೋ ಮನೆಗಳಲ್ಲಿ ತಂದೆ ತೀರಿಕೊಂಡ ಮೇಲೆ ಕೋವಿಯನ್ನು ಅಟ್ಟದ ಮೇಲಿಟ್ಟು ಮರೆತುಬಿಡುತ್ತಾರೆ. ಇದು ಮಕ್ಕಳನ್ನು ತಿಳಿಯದೆಯೇ ಅಪರಾಧಿಗಳನ್ನಾಗಿ ಮಾಡುತ್ತದೆ.

ಇದಕ್ಕೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುಲಭವಾದ ದಾರಿಯಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಅವರು 25 ವರ್ಷ ಕೋವಿಯನ್ನು ಇಟ್ಟುಕೊಂಡಿದ್ದರೆ, ತಾವು ಬದುಕಿರುವಾಗಲೇ ತಮ್ಮ ವಾರಸುದಾರರೊಬ್ಬರನ್ನು ಸೂಚಿಸಬಹುದು. ಆ ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಿಕೊಳ್ಳಬೇಕು. ವಯಸ್ಸಾದ ರೈತರು ಈ ಕೆಲಸವನ್ನು ಮುಂದೂಡಬಾರದು.

ಪರವಾನಗಿಯನ್ನು ನವೀಕರಿಸಲು ನಿರಾಕರಿಸಿದರೆ ಅಥವಾ ರದ್ದುಪಡಿಸಿದರೆ ಅದಕ್ಕೆ ಕಾರಣವನ್ನು ಬರಹದಲ್ಲಿ ಕೇಳಬಹುದು. ನಿಗದಿತ ಅವಧಿಯೊಳಗೆ 18ನೆಯ ಕಲಮಿನಂತೆ ಮೇಲ್ಮನವಿಯನ್ನೂ ಸಲ್ಲಿಸಬಹುದು. ಅಭಯಾರಣ್ಯದ 10 ಕಿಲೋಮೀಟರ್ ಒಳಗಿನ ಊರುಗಳಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕೆಂಬುದೂ ತಿಳಿದಿರಲಿ.

ಬೇರೆ ದೇಶದ ರೈತರ ಅನುಭವ

ಸಂಪೂರ್ಣ ನಿಷೇಧವೇ ಬಂದಾಗ ಜನರು ಹೇಗೆ ನಡೆದುಕೊಳ್ಳುತ್ತಾರೆಂಬುದಕ್ಕೆ ಎರಡು ಉದಾಹರಣೆಗಳಿವೆ. ಆಸ್ಟ್ರೇಲಿಯಾದಲ್ಲಿ 1996ರ ಏಪ್ರಿಲ್ 28ರಂದು ಪೋರ್ಟ್ ಆರ್ಥರ್ ಎಂಬಲ್ಲಿ ಒಬ್ಬನ ಗುಂಡಿಗೆ 35 ಜನ ಬಲಿಯಾದರು. ಕೆಲವೇ ದಿನಗಳಲ್ಲಿ ಅಲ್ಲಿನ ಸರ್ಕಾರಗಳು ತಾನಾಗಿಯೇ ಮತ್ತೆ ತುಂಬಿಕೊಳ್ಳುವ ಬಂದೂಕುಗಳನ್ನು ನಿಷೇಧಿಸಲು ಒಪ್ಪಿದವು. ರೈತರ ವಿರೋಧ ಬಲವಾಗಿತ್ತು. ಆದರೆ ಸರ್ಕಾರವು ಒಂದು ಬಾರಿಯ ವಿಶೇಷ ತೆರಿಗೆ ಹಾಕಿ, ಒಪ್ಪಿಸಿದ ಬಂದೂಕುಗಳಿಗೆ ಬೆಲೆ ಕೊಟ್ಟಿತು. ನಿಜವಾದ ಅಗತ್ಯವುಳ್ಳ ರೈತರಿಗೆ ಕೆಲವು ಬಗೆಯ ಬಂದೂಕುಗಳನ್ನು ಕಟ್ಟುನಿಟ್ಟಿನ ಪರವಾನಗಿಯ ಮೇಲೆ ಉಳಿಸಿತು. ಸುಮಾರು 6.5 ಲಕ್ಷ ಬಂದೂಕುಗಳು ಬಂದು ಸೇರಿದವು.

ನ್ಯೂಜಿಲೆಂಡಿನಲ್ಲಿ 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನರ ಹತ್ಯೆಯಾದ ಬಳಿಕ ಇಂಥದೇ ನಿಷೇಧ ಬಂದು, ಅದೇ ವರ್ಷದ ಡಿಸೆಂಬರ್ 20ರೊಳಗೆ 56 ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಸಂಗ್ರಹಿಸಲಾಯಿತು. ಆದರೆ ಅಲ್ಲಿ ಹೆಚ್ಚಿನ ಬಂದೂಕುಗಳಿಗೆ ದಾಖಲೆಯೇ ಇರಲಿಲ್ಲವಾದ್ದರಿಂದ, ಎಷ್ಟು ಹೊರಗೆ ಉಳಿದವೆಂದು ಯಾರೂ ಹೇಳಲಾರದೆ ಹೋದರು.

ಇವುಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ನ್ಯಾಯವಾದ ಬೆಲೆ, ಸ್ಪಷ್ಟವಾದ ಗಡುವು, ನಿಜವಾದ ಅಗತ್ಯಕ್ಕೆ ಬೇರೆ ದಾರಿ ಇವು ಮೂರೂ ಇದ್ದ ಕಡೆ ಬಹಳಷ್ಟು ಜನ ಕಾನೂನಿಗೆ ತಲೆಬಾಗುತ್ತಾರೆ. ನಮ್ಮ ರೈತರು ಸರ್ಕಾರದ ಮುಂದೆ ಮನವಿ ಇಡುವಾಗಲೂ ಇವನ್ನೇ ಕೇಳುವುದು ಉಚಿತ.

ಬಚ್ಚಿಡುವುದು ಏಕೆ ತಪ್ಪು?

ಪರವಾನಗಿಯ ಕೋವಿಯ ಸಂಖ್ಯೆ ದಾಖಲೆಯಲ್ಲಿರುತ್ತದೆ. ಒಪ್ಪಿಸದಿದ್ದರೆ ಪಟ್ಟಿಯಲ್ಲಿ ಕಾಣುತ್ತದೆ. ಅದರ ಪರಿಣಾಮವಾಗಿ ಪರವಾನಗಿ ಕಳೆದುಹೋಗಬಹುದು, ಮೊಕದ್ದಮೆಯೂ ಬರಬಹುದು. ಬಚ್ಚಿಟ್ಟ ಕೋವಿಯು ಮಕ್ಕಳ ಕೈಗೆ ಸಿಗುವ ಭಯವೂ ಇದೆ. ಕತ್ತಲೆಯಲ್ಲಿ ಹಂದಿಯೆಂದು ಗುಂಡು ಹೊಡೆದು ಮನುಷ್ಯನ ಪ್ರಾಣ ತೆಗೆದ ದುರಂತಗಳು ಪರವಾನಗಿಯ ಕೋವಿಯಿಂದಲೂ ಆಗಿವೆ. ಕದ್ದು ಇಟ್ಟ ಕೋವಿಯಿಂದ ಹೀಗಾದರೆ ಆ ಸಂಸಾರ ಚೇತರಿಸಿಕೊಳ್ಳುವುದು ಕಷ್ಟ.

ಪರವಾನಗಿ ಇದ್ದರೂ ಕಾಡುಪ್ರಾಣಿಯನ್ನು ಕೊಲ್ಲುವ ಹಕ್ಕು ಅದರಿಂದ ಬರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಹಂದಿಯೂ ರಕ್ಷಿತ ಪ್ರಾಣಿ. ಬೆಳೆಗೆ ಅಪಾಯಕಾರಿಯೆಂದು ಅಧಿಕೃತ ಅಧಿಕಾರಿ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಕೊಲ್ಲಬಹುದು. ಆದ್ದರಿಂದ ಕೋವಿಯ ದಿನನಿತ್ಯದ ಉಪಯೋಗ ಸದ್ದು ಮಾಡಿ ಓಡಿಸುವುದಷ್ಟೇ. ಈ ಕೆಲಸವನ್ನು ಬೇರೆ ಕ್ರಮಗಳಿಂದಲೂ ಮಾಡಬಹುದು.

ಕೋವಿ ಇಲ್ಲದ ದಿನಗಳಲ್ಲಿ ಬೆಳೆ ರಕ್ಷಣೆ

ಸೌರಶಕ್ತಿಯ ಬೇಲಿ ಇವುಗಳಲ್ಲಿ ಮುಖ್ಯವಾದುದು. ಇದರಲ್ಲಿ ವಿದ್ಯುತ್ತು ಕ್ಷಣಮಾತ್ರದ ಮಿಡಿತಗಳಾಗಿ ಹರಿಯುವುದರಿಂದ ಪ್ರಾಣಿಗೆ ಆಘಾತವಾಗುತ್ತದೆಯೇ ಹೊರತು ಸಾವು ಬರುವುದಿಲ್ಲ. ಹಂದಿಗಾಗಿ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ತಂತಿಗೆ ಕಳೆ, ಬಳ್ಳಿಗಳು ತಾಗಿದರೆ ಶಕ್ತಿ ನೆಲಕ್ಕೆ ಸೋರಿಹೋಗುವುದರಿಂದ ಬೇಲಿಯ ಬುಡವನ್ನು ಸವರುತ್ತಿರಬೇಕು. ಮನೆಯ ಅಥವಾ ಪಂಪಿನ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಮಾತ್ರ ಅಪರಾಧ. ಅದು ಆನೆಯನ್ನೂ ಕೊಲ್ಲುತ್ತದೆ, ನೀರು ಕಟ್ಟಲು ಬಂದ ಆಳನ್ನೂ ಕೊಲ್ಲುತ್ತದೆ. ಸಿಡಿಮದ್ದಿನ ಉಂಡೆಗಳನ್ನೂ ಬಳಸಬಾರದು. 2020ರ ಮೇ ತಿಂಗಳಿನಲ್ಲಿ ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ ಸಿಡಿಮದ್ದಿನ ತಿನಿಸನ್ನು ಕಚ್ಚಿದ ಗರ್ಭಿಣಿ ಆನೆಯೊಂದು ಬಾಯಿ ಸೀಳಿ ಸತ್ತುದು ದೇಶಕ್ಕೆಲ್ಲ ತಿಳಿದ ವಿಷಯ. ಅಂಥ ಉಂಡೆಗಳಿಗೆ ನಮ್ಮ ದನಗಳೂ ಬಾಯಿ ಹಾಕುತ್ತವೆ.

ಇದಲ್ಲದೆ ಅಕ್ಕಪಕ್ಕದ ನಾಲ್ಕಾರು ಮನೆಯವರು ಸರದಿಯ ಮೇಲೆ ಅಟ್ಟಣಿಗೆಯಲ್ಲಿ ಕಾವಲಿರುವುದು, ತಗಡಿನ ಡಬ್ಬ ಬಡಿಯುವುದು, ಕೊಯ್ಲಿಗೆ ಬಂದ ಬೆಳೆಯನ್ನು ಹೊಲದಲ್ಲಿ ಬಿಡದಿರುವುದು ಇವೂ ಉಪಯುಕ್ತ. ಹಾನಿಯಾದ ಕೂಡಲೇ ಅರಣ್ಯ ಇಲಾಖೆಗೆ ಲಿಖಿತ ದೂರು ಕೊಟ್ಟು ಪರಿಹಾರ ಕೇಳಬೇಕು. ಈ ದೂರಿನ ಪ್ರತಿಗಳೇ ಮುಂದಿನ ಚುನಾವಣೆಯಲ್ಲಿ ವಿನಾಯಿತಿ ಕೇಳಲು ಆಧಾರವಾಗುತ್ತವೆ.

ವಿಸ್ತರಣಾ ಕಾರ್ಯಕರ್ತರು ತಮ್ಮ ವ್ಯಾಪ್ತಿಯ ಪರವಾನಗಿದಾರ ರೈತರ ಪಟ್ಟಿ ಮಾಡಿ, ಪರವಾನಗಿ ಮುಗಿಯುವ ದಿನಾಂಕವನ್ನು ಎರಡು ತಿಂಗಳು ಮೊದಲೇ ನೆನಪಿಸುವುದು, ಪರವಾನಗಿಯ ಮೇಲೆ ಯು.ಐ.ಎನ್. ಎಂಬ ಗುರುತಿನ ಸಂಖ್ಯೆ ಇದೆಯೇ ನೋಡುವುದು, ಅರ್ಜಿ ಬರೆಯಲು ನೆರವಾಗುವುದು ಇವನ್ನು ಮಾಡಿದರೆ ರೈತರಿಗೆ ದೊಡ್ಡ ಉಪಕಾರವಾಗುತ್ತದೆ. ಕೋವಿಯನ್ನು ಕ್ರಮವಾಗಿ ಒಪ್ಪಿಸಿ, ರಸೀದಿಯನ್ನು ಜೋಪಾನ ಮಾಡಿ, ತನ್ನ ತೊಂದರೆಯನ್ನು ಬರಹದಲ್ಲಿ ಹೇಳುವ ರೈತನ ಮಾತಿಗೆ ಕಚೇರಿಯಲ್ಲಿ ತೂಕವಿರುತ್ತದೆ.