ಗೋಡೆಯ ಟಿ.ವಿ. ಮತ್ತು ನಿಮ್ಮ ಕತ್ತು

ಕತ್ತು ನೋವೆಂದು ಬರುವವರನ್ನು ನಾನೀಗ ದಿಂಬಿನ ಜೊತೆಗೆ ಟಿ.ವಿ.ಯ ಬಗ್ಗೆಯೂ ವಿಚಾರಿಸುತ್ತೇನೆ. ಬಹಳ ಮನೆಗಳಲ್ಲಿ ಅದನ್ನು ದೇವರ ಪಟದ ಎತ್ತರಕ್ಕೆ ಏರಿಸಿರುತ್ತಾರೆ. ಪಟಕ್ಕೆ ಕೈಮುಗಿಯಲು ಅರೆನಿಮಿಷ ಸಾಕು. ಧಾರಾವಾಹಿಗಳಿಗೆ 2 ಗಂಟೆ ತಲೆ ಎತ್ತಿಯೇ ಕೂರಬೇಕು! ಹೀಗೆ ತಲೆ ಹಿಂದಕ್ಕೆ ವಾಲಿದಾಗ ಕತ್ತಿನ ಸ್ನಾಯುಗಳಿಗೆ ಬಿಡುವಿಲ್ಲ, ಹಿಂಬದಿಯ ಕೀಲುಗಳ ಮೇಲೆ ಒತ್ತಡ ಬೀಳುತ್ತದೆ. ವಯಸ್ಸಾಗಿ ಕತ್ತಿನ ಮೂಳೆ ಸವೆದಿದ್ದವರಲ್ಲಿ ನರ ಹೊರಬರುವ ರಂಧ್ರವೂ ಕಿರಿದಾಗಿ, ತೋಳಿಗೆ ಜೋಮು ಇಳಿಯಬಹುದು. ಮೇಲಕ್ಕೆ ನೋಡುವಾಗ ರೆಪ್ಪೆ ಅಗಲವಾಗಿ ತೆರೆಯುವುದರಿಂದ ಕಣ್ಣೂ ಬೇಗ ಒಣಗುತ್ತದೆ.

ಹಾಗೆಂದು ಗೋಡೆಗೆ ಹಾಕಿಸಲೇಬೇಡಿ ಎನ್ನುತ್ತಿಲ್ಲ. ಮೇಜಿನ ಮೇಲಿನ ಟಿ.ವಿ.ಯನ್ನು ಪುಟ್ಟ ಮಕ್ಕಳು ಮೈಮೇಲೆ ಎಳೆದುಕೊಳ್ಳುವ ಅಪಾಯವಿದೆ. ಗೋಡೆಗೆ ಭದ್ರವಾಗಿ ಕೂರಿಸಿದರೆ ಆ ಭಯವಿಲ್ಲ. ಎತ್ತರವನ್ನು ಮಾತ್ರ ನೀವೇ ನಿರ್ಧರಿಸಿ. ಟಿ.ವಿ. ಕೂರಿಸಲು ಬಂದವರು ನಿಂತುಕೊಂಡೇ ಗುರುತು ಹಾಕುತ್ತಾರೆ, ಟಿ.ವಿ. ನೋಡುವವರು ಕೂತಿರುತ್ತಾರೆ. ನಿಮ್ಮ ಕುರ್ಚಿಯಲ್ಲಿ ಒರಗಿ ನೇರ ನೋಡಿ, ದೃಷ್ಟಿ ತಾಗುವಲ್ಲಿ ಪರದೆಯ ನಡುಭಾಗ ಬರಲಿ. ಸಾಮಾನ್ಯವಾಗಿ ಅದು ನೆಲದಿಂದ ಸುಮಾರು 3½ ಅಡಿ. ಚಾಪೆಯ ಮೇಲೆ ಕೂರುವವರ ಮನೆಯಲ್ಲಿ ಇನ್ನೂ ಕೆಳಗೆ.

ಈಗಾಗಲೇ ತೋಳು ಜೋಮು ಹಿಡಿಯುತ್ತಿದ್ದರೆ, ಕೈಯ ಹಿಡಿತ ಸಡಿಲವಾಗಿದ್ದರೆ ಮುಲಾಮು ಹಚ್ಚುತ್ತಾ ದಿನ ದೂಡಬೇಡಿ, ವೈದ್ಯರಿಗೆ ತೋರಿಸಿ.